ಅಪ್ಪನ ಆರ್‌ಎಕ್ಸ್ 100ಕ್ಕೆ ‘ಜಪಾನ್ ಬ್ಲಾಕ್’ ಹಾಕಿಸಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಅಪ್ಪ 1991ರಲ್ಲಿ ಹೊಸದಾಗಿ ತಂದ ಯಮಹಾ ಆರ್‌ಎಕ್ಸ್ 100 ಇದೆ, ಕೆಎ-14 ನಂಬರ್. 2012ರಿಂದ ಸೌದೆ ಮನೆಯಲ್ಲಿ ನಿಂತಿದೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಈಗ ಅದನ್ನು ಪೂರ್ತಿ ಒರಿಜಿನಲ್ ಸ್ಥಿತಿಗೆ ತರಬೇಕು ಅಂತ ಆಸೆ. ಕಿಕ್ ಅರ್ಧಕ್ಕೇ ನಿಲ್ಲುತ್ತೆ. ಒಬ್ಬರು ‘ಜಪಾನ್ ಬ್ಲಾಕ್ ಪಿಸ್ಟನ್ ಸೆಟ್’ ಇದೆ, ಹದಿನೆಂಟು ಸಾವಿರ ಅಂತಾರೆ. ಟ್ಯಾಂಕು, ಮಡ್‌ಗಾರ್ಡು, ಕಾರ್ಬುರೇಟರ್ ಎಲ್ಲಾ ಹೊಸದು ಹಾಕಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸೋಣ ಅಂತಾರೆ. ಒಪ್ಪಬಹುದಾ?

ಉತ್ತರ: ಮೊದಲು ಕಿಕ್ ಹೊಡೆಯೋದು ನಿಲ್ಲಿಸಿ. ಅರ್ಧಕ್ಕೆ ನಿಲ್ಲುತ್ತೆ ಅಂದ್ರೆ ಹೆಚ್ಚಾಗಿ ಪಿಸ್ಟನ್ನಿನ ರಿಂಗು ತುಕ್ಕು ಹಿಡಿದು ಬೋರಿಗೆ, ಅಂದ್ರೆ ಬ್ಲಾಕಿನ (ಪಿಸ್ಟನ್ ಓಡಾಡೋ ಸಿಲಿಂಡರಿನ) ಒಳಗೋಡೆಗೆ ಅಂಟಿಕೊಂಡಿದೆ. ಮೈಭಾರ ಹಾಕಿ ತುಳಿದರೆ ರಿಂಗ್ ಮುರಿದು ಪೋರ್ಟಿನ (ಆ ಗೋಡೆಯಲ್ಲಿ ಗಾಳಿ, ಹೊಗೆ ಹೋಗಿ ಬರೋ ಕಿಂಡಿಯ) ಅಂಚಿಗೆ ಸಿಕ್ಕಿಕೊಳ್ಳುತ್ತೆ, ಬ್ಲಾಕಿನ ಗೋಡೆ ಗೀಚಿ ಹೋಗುತ್ತೆ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ಲಿಗೆ ಸ್ವಲ್ಪ 2ಟಿ ಎಣ್ಣೆ (ಟು ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಹಾಕೋದು) ಬೆರೆಸಿ ಎರಡು ಮೂರು ಚಮಚ ಬಿಡಿ. ನಾಲ್ಕು ದಿನ ಹಾಗೇ ಇರಲಿ, ಮಧ್ಯೆ ಇನ್ನೊಂದು ಸಲ ಬಿಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ನಿಧಾನಕ್ಕೆ ಬಿಟ್ಟುಕೊಳ್ಳುತ್ತೆ. ಬಿಟ್ಟುಕೊಂಡಿತು ಅಂತ ಖುಷಿಯಲ್ಲಿ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಇದು ಬಿಚ್ಚೋಕೆ ಮಾತ್ರ.

ಸೈಲೆನ್ಸರ್ ಬಾಯಿಗೆ ಒಂದು ಟಾರ್ಚ್ ಹಿಡಿದು ನೋಡಿ. ನಮ್ಮ ಕಡೆ ಹತ್ತಾರು ವರ್ಷ ನಿಂತ ಗಾಡಿಯ ಸೈಲೆನ್ಸರಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟದೆ ಇರೋದೇ ಅಪರೂಪ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಇರುತ್ತೆ. ಒಮ್ಮೆ ನನಗೆ ಅಡಿಕೆ ಸಿಪ್ಪೆಯ ಹಾಸಿಗೆ, ಅದರ ಮೇಲೆ ಮೂರು ಮರಿ ಸಿಕ್ಕಿದ್ದವು.

ಈಗ ಆ ಜಪಾನ್ ಬ್ಲಾಕಿನ ವಿಷಯ. ಆರ್‌ಎಕ್ಸ್ 100 ಇಲ್ಲಿಗೆ ಬಂದಿದ್ದು 1985ರ ಕೊನೆಗೆ. ಮೊದಲ ಕೆಲವು ಸಾವಿರ ಗಾಡಿಗಳ ಭಾಗಗಳು ಜಪಾನಿನಿಂದ ಕಿಟ್ ಆಗಿ ಬಂದವು, ಎಸ್ಕಾರ್ಟ್ಸ್ ಕಂಪನಿ ಅದನ್ನು ಇಲ್ಲಿ ಜೋಡಿಸಿತು. ಆಮೇಲೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. 1996ರಲ್ಲಿ ಗಾಡಿ ತಯಾರಿಸೋದೇ ನಿಂತು ಹೋಯಿತು. ನಿಮ್ಮದು 1991ರದ್ದು. ಅಂದ್ರೆ ಅದರ ಒರಿಜಿನಲ್ ಭಾಗಗಳಲ್ಲಿ ಬಹುಪಾಲು ಭಾರತದ್ದೇ. ಅದಕ್ಕೆ ಜಪಾನ್ ಅಂತ ಬರೆದ ಬ್ಲಾಕ್ ಕೂರಿಸಿದರೆ ಗಾಡಿ ಹೆಚ್ಚು ಒರಿಜಿನಲ್ ಆಗಲ್ಲ, ಕಡಿಮೆ ಆಗುತ್ತೆ! ಮದುವೆಗೆ ಬೇರೆಯವರ ಕೋಟು ತೊಟ್ಟ ಹಾಗೆ. ಇನ್ನೊಂದು, ಎರಕದಲ್ಲಿ ‘ಜಪಾನ್’ ಅನ್ನೋ ಅಕ್ಷರ ಮೂಡಿಸೋದು ಯಾವ ಫೌಂಡ್ರಿಗೂ ದೊಡ್ಡ ಕೆಲಸ ಅಲ್ಲ. ಇಂಥ ಬ್ಲಾಕುಗಳಲ್ಲಿ ಹೊರಗಿನ ಅಕ್ಷರ ಸ್ಪಷ್ಟವಾಗಿರುತ್ತೆ, ಒಳಗಿನ ಪೋರ್ಟು ಮಾತ್ರ ಒರಟು. ಟು ಸ್ಟ್ರೋಕ್ ಎಂಜಿನ್ನಿಗೆ ಫೋರ್ ಸ್ಟ್ರೋಕಿನ ಥರ ವಾಲ್ವು ಕ್ಯಾಮು ಇಲ್ಲವಲ್ಲ, ಪೋರ್ಟಿನ ಎತ್ತರ, ಅಗಲವೇ ಅದರ ಟೈಮಿಂಗು. ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಆ ಹಳೇ ಎಳೆತ ಬರಲ್ಲ.

ನಿಮ್ಮ ಬ್ಲಾಕನ್ನೇ ಉಳಿಸಿಕೊಳ್ಳಿ. ಬಿಚ್ಚಿದಾಗ ಪಿಸ್ಟನ್ ತಲೆ ಮೇಲಿನ ಕರಿ ಒರೆಸಿ ನೋಡಿ. ಏನೂ ಅಳತೆ ಇಲ್ಲದಿದ್ದರೆ ಕಂಪನಿ ಪಿಸ್ಟನ್ನೇ ಇರಬಹುದು, ಬೋರು 50 ಮಿಮೀ. (50 ಬೋರು, 50 ಸ್ಟ್ರೋಕು, ಅದಕ್ಕೇ 98 ಸಿಸಿ.) 25 ಅಥವಾ 50 (0.25, 0.50 ಮಿಮೀ ದೊಡ್ಡದು ಅಂತ) ಇದ್ದರೆ ಅಪ್ಪ ಯಾವಾಗಲೋ ಬೋರ್ ಮಾಡಿಸಿದ್ದಾರೆ, ಅಂದ್ರೆ ಸವೆದ ಒಳಗೋಡೆ ಕೊರೆಸಿ ಅಗಲ ಮಾಡಿಸಿದ್ದಾರೆ. ಕಾಲು ಮಿಲಿಮೀಟರಿನಂತೆ 51ರ ತನಕ ಹೋಗಬಹುದು. 100 ಅಂತ ಕಂಡರೆ ಮಾತ್ರ ಹೊಸ ಸ್ಲೀವ್ (ಬ್ಲಾಕಿನ ಒಳಗೆ ಕೂರೋ ಕೊಳವೆ) ಹೊಡೆಸಬೇಕು. ಅದೂ ತಪ್ಪೇನಲ್ಲ, ಹೊರಗಿನ ಬ್ಲಾಕು ನಿಮ್ಮದೇ ಉಳಿಯುತ್ತೆ. ಆದರೆ ಸ್ಲೀವ್ ಕೂರಿಸಿದ ಮೇಲೆ ಪೋರ್ಟಿನ ಅಂಚನ್ನು ಸಣ್ಣಗೆ ಸವರಿ ಕೊಡುವ ತಾಳ್ಮೆ ಇರುವ ಲೇತಿನವರನ್ನು ಹುಡುಕಿ. ಚೂಪು ಅಂಚು ಬಿಟ್ಟರೆ ರಿಂಗ್ ಅಲ್ಲೇ ತೊಡರುತ್ತೆ.

ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ ಹೊಡೆಸಿ. ಪಿಸ್ಟನ್ನನ್ನೇ ಲೇತಿನವರ ಕೈಯಲ್ಲಿಟ್ಟು ‘ಇದಕ್ಕೆ ಹೊಂದಿಸಿ’ ಅನ್ನಿ. ಇವೆರಡರ ನಡುವಿನ ಸಂದು ಸಾಮಾನ್ಯವಾಗಿ 0.03ರಿಂದ 0.05 ಮಿಮೀ. ತಲೆಗೂದಲಿಗಿಂತ ಕಡಿಮೆ. ಡಬ್ಬಿ ಮೇಲೆ 50.50 ಅಂತ ಬರೆದಿದೆ ಅಂತ ನಂಬಿ ಮೊದಲೇ ಬೋರ್ ಹೊಡೆದರೆ ಆ ಲೆಕ್ಕ ತಪ್ಪುತ್ತೆ. ಕೂರಿಸುವಾಗ ಪಿಸ್ಟನ್ ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆ ಇರಲಿ.

ಹದಿನೆಂಟು ಸಾವಿರ ಕೊಡೋ ಮನಸ್ಸಿದ್ದರೆ ಅದನ್ನು ಕೆಳಗೆ, ಕ್ರ್ಯಾಂಕಿನ (ಪಿಸ್ಟನ್ ತಳ್ಳಿದಾಗ ತಿರುಗೋ ದಂಡದ) ಮೇಲೆ ಹಾಕಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಶುರುವಿನ ದಿನಗಳಲ್ಲಿ ಒಂದು ಆರ್‌ಎಕ್ಸಿಗೆ ಹೊಸ ಪಿಸ್ಟನ್, ಬೋರು, ಕಾರ್ಬುರೇಟರ್ ಸರ್ವಿಸ್ ಎಲ್ಲಾ ಮಾಡಿದೆ. ಕ್ರ್ಯಾಂಕಿನ ಆಯಿಲ್ ಸೀಲು (ಗಾಳಿ, ಎಣ್ಣೆ ಸೋರದಂತೆ ತಡೆಯೋ ರಬ್ಬರ್ ಬಳೆ) ನೋಡೋಕೆ ಚೆನ್ನಾಗೇ ಇತ್ತು, ಹಳೇದನ್ನೇ ಬಿಟ್ಟೆ. ಟ್ರಯಲ್ ನೋಡೋಣ ಅಂತ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದೆ. ಗಾಜನೂರು, ಸಕ್ರೆಬೈಲು ದಾಟೋವರೆಗೂ ಗಾಡಿ ಹಾಡ್ತಾ ಇತ್ತು. ಮಂಡಗದ್ದೆ ಹತ್ತಿರ ಇದ್ದಕ್ಕಿದ್ದಂತೆ ಎಂಜಿನ್ ಶಬ್ದ ತೆಳ್ಳಗಾಯಿತು, ಮರುಕ್ಷಣ ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿಯೋಕೆ ಕೈ ಹೋಯ್ತು, ಬಚಾವಾದೆ. ಬಿಚ್ಚಿ ನೋಡಿದರೆ ಪಿಸ್ಟನ್ ಪಕ್ಕ ಉದ್ದಕ್ಕೂ ಸುಲಿದಿತ್ತು.

ಆಗಿದ್ದು ಇಷ್ಟೇ. ಟು ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿ ಮೊದಲು ಕ್ರ್ಯಾಂಕ್‌ಕೇಸಿಗೆ (ಕ್ರ್ಯಾಂಕ್ ಕೂರೋ ಪೆಟ್ಟಿಗೆಗೆ) ಬಂದು ಆಮೇಲೆ ಮೇಲೆ ಹೋಗೋದು. ಎಡಕ್ಕೆ, ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ಹಿಂದೆ ಒಂದು ಸೀಲು. ಬಲಕ್ಕೆ, ಕ್ಲಚ್ ಕಡೆ ಇನ್ನೊಂದು. ರಬ್ಬರು ವರ್ಷಗಟ್ಟಲೆ ನಿಂತು ಗಟ್ಟಿಯಾದರೆ ಎಡಗಡೆಯದು ಹೊರಗಿನ ಗಾಳಿ ಎಳೆಯುತ್ತೆ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ, ಅದರ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆ. ಪಿಸ್ಟನ್ ಕಾದು ಹಿಗ್ಗಿ ಸೀಜ್. ಬಲಗಡೆಯದು ಹೋದರೆ ಗೇರ್ ಆಯಿಲ್ ಎಳೆದು ಬೆಳ್ಳಗೆ ಹೊಗೆ ಬಿಡುತ್ತೆ, ಗೇರ್ ಆಯಿಲ್ ಕಾರಣವಿಲ್ಲದೆ ಇಳಿಯುತ್ತೆ. ಹೊಗೆ ಕಾಣುತ್ತೆ, ಗಾಳಿ ಕಾಣಲ್ಲ. ಅದಕ್ಕೇ ಎಡಗಡೆಯದು ಅಪಾಯ.

ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡೋ ಮೊದಲು, ಒಂದು ಪರೀಕ್ಷೆ ಮಾಡಿಸಿ. ಬ್ಲಾಕಿಗೆ ಕಾರ್ಬುರೇಟರ್, ಸೈಲೆನ್ಸರ್ ಸೇರೋ ಬಾಯಿ ಎರಡನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ. ಪ್ಲಗ್ ತೂತಿಗೆ ಒಂದು ಹಳೇ ಪ್ಲಗ್ಗಿನ ಒಳಭಾಗ ತೆಗೆದು ಪೈಪ್ ಜೋಡಿಸಿ, ಅದಕ್ಕೆ ಬಿಪಿ ನೋಡೋ ಯಂತ್ರದ ಬಲ್ಬು ಮತ್ತು ಮೀಟರ್ ಹಾಕಿ. ಹೌದು, ಡಾಕ್ಟರ ಹತ್ತಿರ ಇರೋದೇ. ಒತ್ತಿ ಒತ್ತಿ ಮುಳ್ಳು 250ಕ್ಕೆ ತನ್ನಿ, ಅದು ಐದು ಪಿಎಸ್‌ಐಗೆ ಹತ್ತಿರ. ಐದಾರು ನಿಮಿಷ ಮುಳ್ಳು ನಿಂತಿದ್ದರೆ ಎಂಜಿನ್ ಗಟ್ಟಿ. ಇಳಿದರೆ ಸೋಪಿನ ನೊರೆ ಹಚ್ಚಿ ಎಲ್ಲಿ ಗುಳ್ಳೆ ಬರುತ್ತೆ ನೋಡಿ. ನನ್ನ ಶೆಡ್ಡಿನಲ್ಲಿ ಬಿಪಿ ಯಂತ್ರ ನೇತಾಡೋದು ನೋಡಿ ಗಿರಾಕಿಗಳು ‘ಬಿಲ್ ನೋಡಿದ ಮೇಲೆ ನಮಗೆ ಬೇಕಾಗುತ್ತೆ ಅಂತ ಇಟ್ಟಿದ್ದೀರಾ’ ಅಂತ ಕೇಳ್ತಾರೆ.

ಸೀಲಿನ ಜೊತೆಗೇ ಕ್ರ್ಯಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್ಟು ಬದಲಿಸಿ. ಹದಿಮೂರು ಮಳೆಗಾಲದ ತೇವ ಅಲ್ಲೇ ಕೂತಿರುತ್ತೆ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಮತ್ತೆ ಒತ್ತಿದ ಮೇಲೆ ಡಯಲ್ ಗೇಜಿನಲ್ಲಿ ನೇರ ಇದೆಯಾ ಅಂತ ಮುಂದೆ ನಿಂತು ನೋಡಿ. ಸುತ್ತಿಗೆ ಏಟು, ಕಣ್ಣಂದಾಜು ನಡೆಯಲ್ಲ. ಕ್ರ್ಯಾಂಕ್‌ಕೇಸ್ ಮಾತ್ರ ಯಾರು ಎಷ್ಟೇ ಹೇಳಿದರೂ ಬದಲಿಸಬೇಡಿ. ಎರಡು ಹೋಳನ್ನೂ ಜೋಡಿಯಾಗಿಯೇ ಕೊರೆದಿರುತ್ತಾರೆ, ಒಂದು ಹೋಳಿಗೆ ಬೇರೆ ಗಾಡಿಯ ಹೋಳು ಸರಿ ಕೂರಲ್ಲ. ಎಂಜಿನ್ ನಂಬರ್ ಇರೋದೂ ಅದರ ಮೇಲೇ.

ಬಿಡಿಭಾಗ ಕೊಳ್ಳುವಾಗ ನಂಬರ್ ಓದೋದು ಕಲಿತರೆ ಅರ್ಧ ಮೋಸ ತಪ್ಪುತ್ತೆ. ಯಮಹಾದ ಪಾರ್ಟ್ ನಂಬರಿನಲ್ಲಿ ಮೊದಲ ಮೂರು ಅಕ್ಷರ ಆ ಭಾಗ ಮೊದಲು ಯಾವ ಮಾಡೆಲ್ಲಿಗೆ ಮಾಡಿದ್ದು ಅಂತ ಹೇಳುತ್ತೆ. ನಡುವಿನ ಐದು ಅದು ಏನು ಅಂತ. 11631 ಅಂದ್ರೆ ಪಿಸ್ಟನ್, 11351 ಅಂದ್ರೆ ಬ್ಲಾಕಿನ ಕೆಳಗಿನ ಗ್ಯಾಸ್ಕೆಟ್. ಕೆಲವದರಲ್ಲಿ ಮೊದಲ ಅಂಕಿಯ ಜಾಗದಲ್ಲಿ ‘ಇ’ ಅಕ್ಷರ ಇರುತ್ತೆ, ಅರ್ಥ ಅದೇ. ಕೊನೆಯ ಎರಡು, ಎಷ್ಟನೇ ತಿದ್ದುಪಡಿ ಅಂತ. ಇನ್ನು 9ರಿಂದ ಶುರುವಾದರೆ ಅದು ಬೇರಿಂಗು, ಸೀಲು, ಬೋಲ್ಟು ಥರದ ಸಾಮಾನ್ಯ ವಸ್ತು. ಇವಕ್ಕೆ ಯಮಹಾ ಡಬ್ಬಿಯೇ ಬೇಕು ಅಂತ ಹಟ ಬೇಡ. ಹಳೇ ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರ್ ಓದಿಕೊಂಡು, ಒಳ್ಳೇ ಬೇರಿಂಗ್ ಕಂಪನಿಯದು ತನ್ನಿ. ಶಿವಮೊಗ್ಗದಲ್ಲೇ ಸಿಗುತ್ತೆ, ಇಲ್ಲಾಂದ್ರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಚೈನು, ಸ್ಪ್ರಾಕೆಟ್, ಬ್ರೇಕ್ ಶೂ, ಕೇಬಲ್ಲು, ಟಯರು ಇವೆಲ್ಲ ಸವೆಯೋಕೇ ಹುಟ್ಟಿದವು. ಒಳ್ಳೇ ಹೊಸದು ಹಾಕಿ, ತಲೆ ಕೆಡಿಸ್ಕೋಬೇಡಿ.

ಕಾರ್ಬುರೇಟರ್ ಬಿಸಾಡಬೇಡಿ, ಕೈ ಮುಗಿದು ಕೇಳ್ತೀನಿ. ಹಳೇ ಮಿಕುನಿ ಕಂಪನಿ ಕಾರ್ಬುರೇಟರಿನಲ್ಲಿ ಸಾಮಾನ್ಯವಾಗಿ ಹಾಳಾಗಿರೋದು ಒಣಗಿ ಅಂಟಾದ ಪೆಟ್ರೋಲಿನಿಂದ ಕಟ್ಟಿದ ಜೆಟ್ಟು (ಪೆಟ್ರೋಲ್ ಹರಿಯೋ ಸಣ್ಣ ತೂತಿನ ಭಾಗ), ಫ್ಲೋಟಿನ ಸೂಜಿ, ವಾಷರು ಅಷ್ಟೇ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದು ತೆಗೆಯಿರಿ. ತಂತಿ ತೂರಿಸಿದರೆ ಹಿತ್ತಾಳೆ ಜೆಟ್ಟು ಅಗಲ ಆಗುತ್ತೆ, ಆಮೇಲೆ ಯಾವ ಟ್ಯೂನಿಂಗೂ ನಿಲ್ಲಲ್ಲ.

ಇನ್ನು ಸ್ಕ್ರೂ. ಇದನ್ನು ಯಾರೂ ಹೇಳಲ್ಲ, ಆದರೆ ಹಳೇ ಜಪಾನಿ ಗಾಡಿಯ ಅರ್ಧ ಅಂದ ಹಾಳಾಗೋದು ಇಲ್ಲೇ. ಮ್ಯಾಗ್ನೆಟ್ ಕವರಿನ ಸ್ಕ್ರೂ ತಲೆ ಒರೆಸಿ ಹತ್ತಿರದಿಂದ ನೋಡಿ. ಪ್ಲಸ್ ಗುರುತಿನ ಪಕ್ಕ ಸಾಸಿವೆಗಿಂತ ಚಿಕ್ಕ ಒಂದು ಚುಕ್ಕಿ ಕಾಣಬಹುದು. ಅದು ಜಪಾನಿನ ಅಳತೆಯ ಸ್ಕ್ರೂ ಅನ್ನೋ ಗುರುತು, ‘ಜಿಸ್’ ಅಂತಾರೆ. ನಮ್ಮ ಅಂಗಡಿಗಳ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ತಳ ಮುಟ್ಟಲ್ಲ. ಬಲ ಹಾಕಿದ ತಕ್ಷಣ ಮೇಲಕ್ಕೆ ಜಾರಿ ಹಳ್ಳವನ್ನೇ ಸವೆಸುತ್ತೆ. ಆಮೇಲೆ ಉಳಿ ಸುತ್ತಿಗೆ ಬರುತ್ತೆ, ಕವರಿಗೆ ಗಾಯ. ಒಂದು ಜಿಸ್ ಡ್ರೈವರ್ ಅಥವಾ ಜಿಸ್ ಬಿಟ್ ತರಿಸಿಕೊಳ್ಳಿ, ಬಿಗಿ ಇದ್ದರೆ ಇಂಪ್ಯಾಕ್ಟ್ ಡ್ರೈವರಿಗೆ ಹಾಕಿ ಒಂದೇ ಏಟು. ಎಷ್ಟೋ ಜನ ಎಲ್ಲಾ ಕಿತ್ತು ಹೊಳೆಯೋ ಅಲನ್ ಬೋಲ್ಟ್ ಹಾಕ್ತಾರೆ. ದಿನಾ ಓಡಿಸೋ ಗಾಡಿಗೆ ಅನುಕೂಲ ನಿಜ. ಒರಿಜಿನಲ್ ಅಂತ ಹೇಳಿಕೊಂಡು ಹಾಕಿದಾಗ ನನಗೆ ಮೈ ಉರಿಯುತ್ತೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು ಕೇಳಬೇಕು. ಆ ಸೌದೆ ಮನೆಯಲ್ಲಿ ಮೈಲುತುತ್ತ, ಸುಣ್ಣ ಇಡ್ತಿದ್ರಾ? ಅಡಿಕೆ ಮನೆಯಲ್ಲಿ ಕೊಳೆ ರೋಗಕ್ಕೆ ಇವೆರಡರ ದ್ರಾವಣ, ಬೋರ್ಡೋ, ಹೊಡೆಯೋದು ಇದ್ದದ್ದೇ. ಅಪ್ಪ ಕ್ಯಾನನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ತೋಟಕ್ಕೆ ಹೋಗ್ತಿದ್ದಿರಬಹುದು. ಮೈಲುತುತ್ತ ಕಬ್ಬಿಣವನ್ನೂ ತಿನ್ನುತ್ತೆ, ಅಲ್ಯುಮಿನಿಯಮ್ಮನ್ನೂ ತಿನ್ನುತ್ತೆ. ಹಿಂದಿನ ಮಡ್‌ಗಾರ್ಡಿನ ಒಳಮೈ, ಹಬ್ಬು, ಕಡ್ಡಿಗಳ ಬುಡ ನೋಡಿ. ನೀಲಿ ಹಸಿರು ಪುಡಿ ಇದ್ದರೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಮೇಲೆ ಪಾಲಿಶ್ ಹಾಕಿ ಮುಚ್ಚಿದರೆ ಕೆಳಗೆ ಕೊರೆತ ನಡೆದೇ ಇರುತ್ತೆ.

ಟ್ಯಾಂಕು. ಹೊಸ ಕಾಪಿ ಟ್ಯಾಂಕ್ ತಗಡು ತೆಳ್ಳಗೆ, ಮುಚ್ಚಳದ ಕಂಠ ಒಂಚೂರು ಸೊಟ್ಟ, ಕೂರಿಸಿದಾಗ ಸೀಟಿಗೂ ಅದಕ್ಕೂ ಸಂದು. ನಿಮ್ಮದು ತೂತು ಬಿದ್ದಿಲ್ಲ ಅಂದ್ರೆ ಅದನ್ನೇ ಇಟ್ಟುಕೊಳ್ಳಿ. ಒಳಗಿನ ತುಕ್ಕಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪು ಸಾಕು. ಹತ್ತು ಲೀಟರ್ ಬಿಸಿನೀರಿಗೆ ಅರ್ಧದಿಂದ ಒಂದು ಕೆಜಿ ಕರಗಿಸಿ, ಪೆಟ್ರೋಲ್ ಕಾಕು ಬಿಚ್ಚಿ ಅಲ್ಲಿ ಬಿರಡೆ ಹಾಕಿ, ತುಂಬಿ ಒಂದು ದಿನ ಬಿಡಿ. ಚೆಲ್ಲಿ, ಅಡುಗೆ ಸೋಡ ಹಾಕಿದ ನೀರಿನಲ್ಲಿ ತೊಳೆದು, ತಕ್ಷಣ ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಒಳಗೆ 2ಟಿ ಎಣ್ಣೆ ಸುತ್ತಾಡಿಸಿ. ಒಣಗಿಸೋದು ತಡವಾದರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪಾಗುತ್ತೆ. ಜುಲೈಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಸಂಕ್ರಾಂತಿ ಕಳೆದ ಮೇಲೆ ಮಾಡಿ. ಸೈಲೆನ್ಸರಿನ ಕರಿ ತೆಗೆಯೋಕೆ ಕಾಸ್ಟಿಕ್ ಸೋಡ ಬಳಸ್ತಾರೆ. ಅದು ಉಕ್ಕಿಗೆ ಸರಿ, ಅಲ್ಯುಮಿನಿಯಂ ಭಾಗಕ್ಕೆ ತಾಗಿದರೆ ಕರಗಿಸಿ ಬಿಡುತ್ತೆ.

ಬಣ್ಣದ ಬಗ್ಗೆ ನನ್ನದು ಹಳೇ ಕಾಲದ ಅಭಿಪ್ರಾಯ. ಮುಕ್ಕಾಲು ಭಾಗ ಕಂಪನಿ ಬಣ್ಣ ಉಳಿದಿದ್ದರೆ ಮುಟ್ಟಬೇಡಿ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ಒಮ್ಮೆ ನೋಡಿ. ಟ್ಯಾಂಕಿನ ಎರಡೂ ಪಕ್ಕ ಅಪ್ಪನ ಮೊಣಕಾಲು ತಾಗಿ ಸವೆದ ಜಾಗ ಇರುತ್ತಲ್ಲ, ಅದನ್ನು ಯಾವ ಪೇಂಟರೂ ಮತ್ತೆ ಮಾಡಿಕೊಡಲ್ಲ. ಹೊಡೆಸಲೇಬೇಕು ಅಂದ್ರೆ ಸೀಟ್ ಎತ್ತಿ ಟ್ಯಾಂಕಿನ ಹಿಂಬದಿ ನೋಡಿ, ಬಿಸಿಲು ಕಾಣದ ನಿಜವಾದ ಬಣ್ಣ ಅಲ್ಲಿ ಸಿಗುತ್ತೆ. ಪೇಂಟಿನವರಿಗೆ ಫೋಟೋ ಕೊಡಬೇಡಿ, ಆ ಭಾಗವನ್ನೇ ತೋರಿಸಿ. ಮಡ್‌ಗಾರ್ಡಿನ ಕ್ರೋಮು ಚುಕ್ಕಿ ಚುಕ್ಕಿ ತುಕ್ಕಿದ್ದರೆ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ. ಎದ್ದು ಹೋಗಿದ್ದರೆ ಬೆಂಗಳೂರಿಗೆ ಕಳಿಸಿ ಮರು ಪ್ಲೇಟಿಂಗ್ ಮಾಡಿಸಿ.

ಚಾಸಿಗೆ ಪೌಡರ್ ಕೋಟಿಂಗ್ ಅಂದ್ರಲ್ಲ, ಅಲ್ಲಿ ಹುಷಾರು. ಆ ಪುಡಿ ದಪ್ಪಗೆ ಕೂತು ಚಾಸಿ ನಂಬರಿನ ಹಳ್ಳವನ್ನು ಮುಚ್ಚುತ್ತೆ. ಆರ್‌ಟಿಓದಲ್ಲಿ ಪೆನ್ಸಿಲ್ ಉಜ್ಜಿ ನಂಬರ್ ಅಚ್ಚು ತೆಗೆಯುವಾಗ ಅಕ್ಷರ ಮೂಡದಿದ್ದರೆ ಅನುಮಾನ ಬರೋದು ನಿಮ್ಮ ಮೇಲೆ. ನಂಬರ್ ಮೇಲೆ ಟೇಪ್ ಅಂಟಿಸಿಯೇ ಕಳಿಸಿ.

ನಿಜ ಹೇಳಬೇಕಂದ್ರೆ ಒಂದು ಬೋಲ್ಟು ಬಿಚ್ಚೋ ಮೊದಲೇ ಆರ್‌ಟಿಓಗೆ ಹೋಗಿ ಬನ್ನಿ. 1991ರ ದಾಖಲೆ ಕಂಪ್ಯೂಟರಿಗೆ ಹತ್ತಿದೆಯಾ, ಆರ್‌ಸಿ ರದ್ದಾಗಿಲ್ಲವಾ ಅಂತ ಕೇಳಿ. ಅಪ್ಪನ ಹೆಸರಿನಿಂದ ನಿಮ್ಮ ಹೆಸರಿಗೆ ಬರೋಕೆ ಫಾರಂ 31, ರಿಜಿಸ್ಟ್ರೇಷನ್ ನವೀಕರಣಕ್ಕೆ ಫಾರಂ 25. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು. ‘ವಿಂಟೇಜ್ ನಂಬರ್ ಮಾಡಿಸಿಕೊಡ್ತೀನಿ’ ಅನ್ನೋ ಬ್ರೋಕರ್ ಮಾತಿಗೆ ದುಡ್ಡು ಕೊಡಬೇಡಿ. 2021ರ ನಿಯಮದ ಪ್ರಕಾರ ಅದು 50 ವರ್ಷ ದಾಟಿದ ಗಾಡಿಗೆ ಮಾತ್ರ. ನಿಮ್ಮದಕ್ಕೆ 2041 ಬರಬೇಕು!

ಗಾಡಿ ಓಡೋಕೆ ಶುರುವಾದ ಮೇಲೆ, ಮೊದಲ ಕೆಲವು ಟ್ಯಾಂಕಿಗೆ ಲೀಟರಿಗೆ 40 ಮಿಲಿ 2ಟಿ ಹಾಕಿ. ಹೊಗೆ ಬರಲಿ ಬಿಡಿ. ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸಬೇಡಿ, ಆಗುಂಬೆ ಘಾಟಿಗೆ ಈಗಲೇ ಹೋಗಬೇಡಿ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತೆ, ಅದು ನೀರನ್ನು ಎಳೆದುಕೊಳ್ಳುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ ಒಳಗೆ ಎಣ್ಣೆ ಸವರಿ ಇಡಿ.

ಬಿಚ್ಚಿದ ಒಂದೊಂದು ಭಾಗವನ್ನೂ, ಮುರಿದಿದ್ದನ್ನೂ ಸೇರಿಸಿ, ಮೆಕ್ಯಾನಿಕ್ ಹತ್ತಿರ ಬಿಡದೆ ಮನೆಗೆ ತನ್ನಿ. ಹಳೇ ಭಾಗ ‘ಗುಜರಿಗೆ ಹಾಕ್ತೀನಿ’ ಅಂತ ಇಟ್ಟುಕೊಂಡು ಬೇರೆಯವರಿಗೆ ಒರಿಜಿನಲ್ ಅಂತ ಮಾರುವವರೂ ಇದ್ದಾರೆ. ಬ್ಲಾಕ್ ಬಿಚ್ಚಿದ ದಿನ ಪಿಸ್ಟನ್ ತಲೆ ಮೇಲೆ ಏನು ಬರೆದಿತ್ತು, ಬೋರ್ ಮೇಲೆ ಕೆಳಗೆ ಎಷ್ಟು ಅಳತೆ ಬಂತು ಅಂತ ಬರೆದು ಕಳಿಸಿ. ಯಾವ ಸೈಜಿಗೆ ಹೋಗಬೇಕು ಅಂತ ಆಗ ಹೇಳ್ತೀನಿ.